ಗುಜರಿಯಲ್ಲಿ ಸಿಕ್ಕಿದ ಆಕ್ಸಲ್ ಯುದ್ಧಕಾಲದ್ದಾ ಅಲ್ವಾ, ಗುರುತು ಹಿಡಿಯೋದು ಹೇಗೆ

ಮಂಗಳೂರಿನ ಬೈಕಂಪಾಡಿ ಕಡೆ ಗುಜರಿ ಅಂಗಡಿಗಳಲ್ಲಿ ವರ್ಷಕ್ಕೆ ಒಂದೆರಡು ಸಲ ಆದ್ರೂ ಹಳೇ ಮಿಲಿಟರಿ ಲಾರಿಯ ಆಕ್ಸಲ್ ಕಾಣ್ಲಿಕ್ಕೆ ಸಿಗ್ತದೆ, ಘಟ್ಟದ ಮೇಲೆ ಮರ ಎಳೀತಿದ್ದ ಡಿಸ್ಪೋಸಲ್ (ಸೈನ್ಯ ಬೇಡ ಅಂತ ಮಾರಿದ) ಲಾರಿಗಳದ್ದು ಇರಬಹುದು. ಅಂಗಡಿಯವರು "ಇದು ಸೆಕೆಂಡ್ ವರ್ಲ್ಡ್ ವಾರ್‌ದ್ದು ಮಾರಾಯ್ರೆ" ಅಂತಾರೆ, ನಂಬಿ ತಗೊಂಡ್ರೆ ಆಮೇಲೆ ಬೇರೆಂತದೋ ಆಗಿರ್ತದೆ. ನಾನೂ ಒಮ್ಮೆ ಹಾಗೆ ತಗೊಂಡೆ, ಟೆಂಪೋ ಬಾಡಿಗೆ ಕೊಟ್ಟು ಉಡುಪಿ ತನಕ ತಂದು ತೊಳೆದು ನೋಡಿದ್ರೆ ಶಕ್ತಿಮಾನ್‌ದ್ದು. ಶಕ್ತಿಮಾನ್ ಒಳ್ಳೇ ಲಾರಿಯೇ, ಆದ್ರೆ ಅದು ಜರ್ಮನಿಯ ಎಂಎಎನ್ ಲೈಸೆನ್ಸ್‌ನಲ್ಲಿ ಜಬಲ್ಪುರದಲ್ಲಿ ಮಾಡಿದ್ದು, ಯುದ್ಧ ಮುಗಿದು ಹತ್ತು ವರ್ಷದ ಮೇಲೆ. ಹಸಿರು ಪೇಂಟ್ ಇದ್ದದ್ದೆಲ್ಲ ಯುದ್ಧದ್ದಲ್ಲ.

ಅದಕ್ಕೆ ನಾನು ಹೇಳೋದು, ಪೇಂಟ್ ಬಿಡಿ, ನಂಬರ್ ಕೂಡ ಆಮೇಲೆ ನೋಡುವ, ಮೊದಲು ಆಕಾರ ನೋಡಿ. ನಡುವಿನ ಗುಂಡಗಿನ ಭಾಗ, ಎಂಜಿನಿನ ತಿರುಗಾಟವನ್ನು ಚಕ್ರದ ಕಡೆಗೆ ದಾಟಿಸೋ ಕ್ರೌನ್ ಪಿನಿಯನ್ ಗೇರ್ ಕೂತ್ಕೊಳ್ಳೋ ಜಾಗ, ಅದು ಬಿಚ್ಚುವುದು ಹೇಗೆ ಅಂತ ನೋಡಿದ್ರೆ ಅರ್ಧ ಉತ್ತರ ಅಲ್ಲೇ ಸಿಗ್ತದೆ.

ಅಮೆರಿಕದ ಜಿಎಂಸಿ ಸಿಸಿಕೆಡಬ್ಲ್ಯೂ ಅಂತ ಎರಡೂವರೆ ಟನ್ನಿನ ಆರು ಚಕ್ರಕ್ಕೂ ಪವರ್ ಇರುವ ಲಾರಿ, 1941ರಿಂದ 1945ರ ತನಕ ಐದು ಲಕ್ಷಕ್ಕಿಂತ ಜಾಸ್ತಿ ಮಾಡಿದ್ದು, ಅಸ್ಸಾಮಿಂದ ಬರ್ಮಾ ಕಡೆ ಹೋಗೋ ಲೆಡೋ ರಸ್ತೆಯಲ್ಲೂ ಇದು ಓಡಿದ್ದು. ಇದ್ರಲ್ಲಿ ಎರಡು ಜಾತಿ ಆಕ್ಸಲ್ ಉಂಟು. ಒಂದು ಟಿಮ್ಕೆನ್ ಕಂಪನಿಯದ್ದು, ಅದಕ್ಕೆ ಸ್ಪ್ಲಿಟ್ ಅಂತಾರೆ, ಯಾಕಂದ್ರೆ ಹೌಸಿಂಗೇ ಎರಡು ಹೋಳು, ತೆಂಗಿನಕಾಯಿ ಎರಡು ಗಡಿ ಮಾಡಿ ಮತ್ತೆ ಸೇರಿಸಿದ ಹಾಗೆ, ಮಧ್ಯದಲ್ಲಿ ಮೇಲಿಂದ ಕೆಳಗೆ ಜಾಯಿಂಟ್, ಅದರ ಸುತ್ತ ಬೋಲ್ಟ್‌ಗಳ ಸಾಲು. ಇದರ ಗೇರ್ ನೋಡ್ಬೇಕಾದ್ರೆ ಆಕ್ಸಲನ್ನೇ ಎರಡು ಮಾಡ್ಬೇಕು. ಇನ್ನೊಂದು ಬ್ಯಾಂಜೋ, ಜನರಲ್ ಮೋಟಾರ್ಸ್‌ನದ್ದು, ಹೌಸಿಂಗ್ ಒಂದೇ ತುಂಡು, ಹಿಂದೆ ದುಂಡಗಿನ ಕವರ್, ಗೇರ್ ಸೆಟ್ ಮುಂದಿನಿಂದ ಒಟ್ಟಿಗೇ ಹೊರಗೆ ಬರ್ತದೆ. ಒಂದಕ್ಕೆ ಇನ್ನೊಂದು ಹಾಕ್ಬಹುದು ಅಂತ ಯಾರಾದ್ರೂ ಹೇಳಿದ್ರೆ ಕೇಳ್ಬೇಡಿ, ಎರಡಕ್ಕೂ ಟ್ರಾನ್ಸ್‌ಫರ್ ಕೇಸ್ (ಮುಂದಿನ ಹಿಂದಿನ ಆಕ್ಸಲ್‌ಗೆ ಪವರ್ ಹಂಚುವ ಪೆಟ್ಟಿಗೆ) ಬೇರೆ ಬೇರೆ. ಮತ್ತೆ ಸ್ಪ್ಲಿಟ್ ಕಂಡ ತಕ್ಷಣ ಜಿಎಂಸಿ ಅಂತ ಬರೆದಿಡ್ಲಿಕ್ಕೂ ಆಗೋದಿಲ್ಲ, ಸ್ಟುಡಿಬೇಕರ್‌ನ ಯುಎಸ್6 ಲಾರಿಗೂ ಟಿಮ್ಕೆನ್ ಸ್ಪ್ಲಿಟ್ಟೇ ಇದ್ದದ್ದು, ಆದ್ರೆ ಆ ಲಾರಿ ಹೆಚ್ಚಿನದ್ದು ರಷ್ಯಾಕ್ಕೆ ಹೋಯ್ತು.

ಆಕ್ಸಲ್ ಮೇಲೆ ಸ್ಪ್ರಿಂಗ್ ಪ್ಲೇಟ್ ಹೇಗೆ ಕೂರ್ತದೆ ನೋಡಿ. ಚಪ್ಪಟೆ ಜಾಗ, ನಡುವೆ ಒಂದು ತೂತು, ಯು ಬೋಲ್ಟ್ ಕಚ್ಚಿದ ಗುರುತು ಇದ್ರೆ ಅದು ಮುಂದಿನ ಆಕ್ಸಲ್ ಅಥವಾ ನಾಲ್ಕು ಚಕ್ರದ ಗಾಡಿಯದ್ದು. ಆರು ಚಕ್ರದ ಜಿಎಂಸಿಯ ಹಿಂದಿನ ಎರಡು ಆಕ್ಸಲ್‌ಗೆ ಹಾಗಿಲ್ಲ, ಸ್ಪ್ರಿಂಗಿನ ತುದಿ ಜಾರ್ಲಿಕ್ಕೆ ಪೆಟ್ಟಿಗೆ ತರದ ಸೀಟ್ ಇರ್ತದೆ, ಜೊತೆಗೆ ಆಕ್ಸಲ್ ತಿರುಚದ ಹಾಗೆ ತಡೆಯೋ ಟಾರ್ಕ್ ರಾಡ್ ಹಿಡಿಯೋ ಬ್ರಾಕೆಟ್. ಎರಡರಲ್ಲಿ ಮಧ್ಯದ ಆಕ್ಸಲ್ ಯಾವುದು ಅಂತಾನೂ ಗೊತ್ತಾಗ್ತದೆ, ಹಿಂದಿನದ್ದಕ್ಕೆ ಹೋಗೋ ಶಾಫ್ಟ್ ಇದರ ತಲೆ ಮೇಲಿಂದ ದಾಟ್ಬೇಕಲ್ಲ, ಅದಕ್ಕೆ ಬೇರಿಂಗ್ ಬ್ಲಾಕ್ ಕೂರ್ಸುವ ಜಾಗ ಇದರ ಮೇಲೆ ಇರ್ತದೆ.

ಆಮೇಲೆ ರೇಶಿಯೋ, ಅಂದ್ರೆ ಚಕ್ರ ಒಂದು ಸುತ್ತು ಬರ್ಲಿಕ್ಕೆ ಪಿನಿಯನ್ ಎಷ್ಟು ಸುತ್ತು ಬರ್ಬೇಕು ಅಂತ. ಗೇರ್ ಬಿಚ್ಚದೇ ಲೆಕ್ಕ ಮಾಡ್ಬಹುದು, ಆದ್ರೆ ಒಂದು ಕಡೆ ಹಬ್ (ಚಕ್ರ ಕೂರೋ ಭಾಗ) ಅಲ್ಲಾಡದ ಹಾಗೆ ಕಟ್ಟಿ ಹಾಕ್ಬೇಕು, ಪಿನಿಯನ್ ಫ್ಲೇಂಜ್‌ಗೆ (ಎಂಜಿನ್ ಕಡೆಯ ಶಾಫ್ಟ್ ಸೇರೋ ಜಾಗಕ್ಕೆ) ಚಾಕ್‌ಪೀಸಲ್ಲಿ ಗೆರೆ ಹಾಕ್ಬೇಕು, ಇನ್ನೊಂದು ಹಬ್ಬನ್ನು ಸರಿಯಾಗಿ ಎರಡು ಸುತ್ತು ತಿರುಗಿಸ್ಬೇಕು, ಆಗ ಪಿನಿಯನ್ ಎಷ್ಟು ಸುತ್ತು ಬಂತೋ ಅದೇ ರೇಶಿಯೋ. ಒಂದೇ ಸುತ್ತು ತಿರುಗಿಸಿ ಲೆಕ್ಕ ಹಾಕಿದ್ರೆ ಅರ್ಧ ಬರ್ತದೆ, ಎರಡು ಬದಿಯ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗ್ಲಿಕ್ಕೆ ಬಿಡೋ ಡಿಫರೆನ್ಶಿಯಲ್ ಕೆಲಸ ಹಾಗೆ. ಜಿಎಂಸಿ ಸ್ಪ್ಲಿಟ್ ಇರ್ಲಿ ಬ್ಯಾಂಜೋ ಇರ್ಲಿ 6.6 ಬರ್ಬೇಕು. ಡಾಡ್ಜ್ ಮುಕ್ಕಾಲು ಟನ್ನಿಂದು, ಅಂದ್ರೆ ಡಬ್ಲ್ಯೂಸಿ 51, 52, ಅದಕ್ಕೆ 5.83, ಚಕ್ರಕ್ಕೆ ಐದು ಬೋಲ್ಟ್. ಜಿಎಂಸಿಗೆ ಆರು ಬೋಲ್ಟ್.

ಜೀಪಿನವರಿಗೆ ಇದು ತುಂಬ ಉಪಯೋಗ. ಯುದ್ಧದ ವಿಲ್ಲೀಸ್ ಎಂಬಿ, ಫೋರ್ಡ್ ಜಿಪಿಡಬ್ಲ್ಯೂ ಎರಡಕ್ಕೂ 4.88, ಅಂದ್ರೆ ಐದು ಸುತ್ತಿಗೆ ಸ್ವಲ್ಪ ಕಡಿಮೆ. ಯುದ್ಧದ ಆಮೇಲೆ ಜನರಿಗೆ ಮಾಡಿದ ಸಿಜೆ ಜೀಪು ಮತ್ತೆ ನಮ್ಮ ಹಳೇ ಮಹೀಂದ್ರಾಗಳಲ್ಲಿ 5.38, ಐದು ಸುತ್ತು ಕಳೆದು ಇನ್ನೂ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಹಿಂದಿನ ಹಬ್ ನೋಡಿದ್ರೂ ತಿಳೀತದೆ, ಎಂಬಿಯದ್ದು ಫುಲ್ ಫ್ಲೋಟಿಂಗ್ (ಗಾಡಿಯ ಭಾರ ಒಳಗಿನ ಶಾಫ್ಟ್ ಮೇಲೆ ಬೀಳದ ಹಾಗೆ ಇದ್ದದ್ದು), ಸುತ್ತ ಬೋಲ್ಟ್ ಹಾಕಿದ ಫ್ಲೇಂಜ್, ಮಹೀಂದ್ರಾದಲ್ಲಿ ಸಾಧಾರಣವಾಗಿ ನಡುವೆ ಒಂದೇ ದೊಡ್ಡ ನಟ್ಟು. ಆದ್ರೆ ಯುದ್ಧ ಮುಗಿದ ಕೂಡ್ಲೇ ಬಂದ ಮೊದಲಿನ ಸಿಜೆ 2ಎ ಗಾಡಿಗಳಲ್ಲೂ ಫುಲ್ ಫ್ಲೋಟಿಂಗ್ ಇತ್ತು, ಹಾಗಾಗಿ ಹಬ್ ನೋಡಿ ನಿಲ್ಲಿಸ್ಬೇಡಿ, ಸುತ್ತು ಎಣಿಸಿಯೇ ನೋಡಿ.

ಮುಂದಿನ ಆಕ್ಸಲ್ ಆದ್ರೆ ಚಕ್ರದ ಹತ್ರ ಇರುವ ದೊಡ್ಡ ಗುಂಡು ಬಿಚ್ಚಿದಾಗ, ಚಕ್ರ ಓರೆಯಾದಾಗಲೂ ಪವರ್ ದಾಟಿಸೋ ಜಾಯಿಂಟ್ ಯಾವುದು ನೋಡಿ. ಪಂಜರದೊಳಗೆ ಆರು ಬಾಲ್ ಇದ್ರೆ ಆರ್‌ಜೆಪ್ಪಾ, ಪಂಜರ ಇಲ್ಲದೆ ನಾಲ್ಕು ಬಾಲ್ ಮತ್ತೆ ನಡುವೆ ಒಂದು ಇದ್ರೆ ಬೆಂಡಿಕ್ಸ್, ಬಾಲೇ ಇಲ್ಲದೆ ಒಂದರೊಳಗೊಂದು ಕಚ್ಚಿದ್ರೆ ಟ್ರ್ಯಾಕ್ಟಾ. ಬೆಂಡಿಕ್ಸ್ ಎಳೆಯುವಾಗ ಜಾಗ್ರತೆ, ಬಾಲ್ ಉದುರಿ ಹೋಗ್ತದೆ, ಕೆಳಗೆ ಗೋಣಿ ಹಾಸಿ.

ಬೋಲ್ಟಿನ ಥ್ರೆಡ್ ಮರೀಬೇಡಿ. ಅಮೆರಿಕದ್ದು ಇಂಚಿನ ಲೆಕ್ಕ, ಶಕ್ತಿಮಾನ್ ಮೆಟ್ರಿಕ್. ಸ್ಪ್ಯಾನರ್ ಹಾಕಿ ತೀರ್ಮಾನ ಮಾಡ್ಬೇಡಿ, ಮುಕ್ಕಾಲು ಇಂಚಿನ ತಲೆಗೆ 19 ಎಂಎಂ ಸರೀ ಕೂರ್ತದೆ, ಮೋಸ ಆಗೋದೇ ಅಲ್ಲಿ. ಥ್ರೆಡ್ ಗೇಜ್ ಇಟ್ಟು ನೋಡಿ. ಚಕ್ರದ ಬೋಲ್ಟಿನ ತುದೀಲಿ ಎಲ್ ಅಂತ ಇದ್ರೆ ಉಲ್ಟಾ ಥ್ರೆಡ್, ಎಡ ಬದಿದ್ದು, ಪೈಪ್ ಹಾಕಿ ಮುರೀಬೇಡಿ.

ಕೊನೆಗೆ ನಂಬರ್. ನಮ್ಮ ಕರಾವಳಿಯ ಉಪ್ಪು ಗಾಳಿಗೆ ಅಕ್ಷರ ಎಲ್ಲ ತುಕ್ಕು ತಿಂದಿರ್ತದೆ. ಗ್ರೈಂಡರ್ ಹಿಡೀಲೇಬೇಡಿ, ಅದ್ರಲ್ಲಿ ಹೋದ ಅಕ್ಷರ ಮತ್ತೆ ಬರೋದಿಲ್ಲ. ಡೀಸೆಲ್ ಇಲ್ಲ ಚಿಮಿಣಿ ಎಣ್ಣೆ ಹಚ್ಚಿ ಒಂದು ರಾತ್ರಿ ಬಿಟ್ಟು, ವಯರ್ ಬ್ರಷ್‌ನಿಂದ ಕೈಯಲ್ಲೇ ಉಜ್ಜಿ, ಒಣಗಿದ ಮೇಲೆ ಚಾಕ್‌ಪೀಸ್ ಅಡ್ಡ ಹಿಡಿದು ಸವರಿ, ಬದಿಯಿಂದ ಟಾರ್ಚ್ ಹಾಕಿ ಫೋಟೋ ತೆಗೀರಿ. ಜನರಲ್ ಮೋಟಾರ್ಸ್ ಎರಕದಲ್ಲಿ ತಿಂಗಳಿಗೆ ಒಂದು ಇಂಗ್ಲಿಷ್ ಅಕ್ಷರ, ಎ ಅಂದ್ರೆ ಜನವರಿ, ಎಲ್ ಅಂದ್ರೆ ಡಿಸೆಂಬರ್, ಆಮೇಲೆ ದಿನ, ಆಮೇಲೆ ಇಸವಿಯ ಕೊನೇ ಅಂಕಿ. ಸಿ 18 3 ಅಂದ್ರೆ ಮಾರ್ಚ್ 18, ಇಸವಿ 1943 ಆಗ್ಬಹುದು, 1953 ಕೂಡ ಆಗ್ಬಹುದು. ಅದಕ್ಕೇ ಆಕಾರ ಮೊದಲು ಅಂದದ್ದು.

ಬ್ರೇಕ್ ಡ್ರಮ್ ಬಿಚ್ಚಿದ್ರೆ ಧೂಳು ಊದ್ಬೇಡಿ, ಏರ್ ಹೊಡೀಬೇಡಿ, ಹಳೇ ಲೈನರಲ್ಲಿ ಆಸ್ಬೆಸ್ಟಾಸ್ ಇರ್ತದೆ, ಒದ್ದೆ ಬಟ್ಟೇಲಿ ಒರೆಸಿ. ಚಕ್ರ ಇದ್ದೇ ಸಿಕ್ಕಿದ್ರೆ ಮೊದಲು ಗಾಳಿ ಪೂರ್ತಿ ತೆಗೀರಿ, ಎರಡು ತುಂಡಿನ ರಿಮ್ ಗಾಳಿ ಇರುವಾಗ ಬಿಚ್ಚಿದ್ರೆ ಜೀವವೇ ಹೋಗ್ತದೆ.

ಒಂದು ಬೇಜಾರು ಹೇಳ್ಲೇಬೇಕು. ಹೋದ ಮಳೆಗಾಲದ ಮೊದಲು ಒಂದು ಅಂಗಡೀಲಿ ಚೊಕ್ಕ ಸ್ಪ್ಲಿಟ್ ಆಕ್ಸಲ್ ನೋಡಿ ನಾಳೆ ಬರ್ತೇನೆ ಅಂತ ಹೇಳಿ ಬಂದೆ, ಮರುದಿನ ಹೋಗುವಾಗ ಗ್ಯಾಸ್ ಕಟ್ಟರಲ್ಲಿ ಮೂರು ತುಂಡು ಮಾಡಿ ತೂಕಕ್ಕೆ ಹಾಕಿದ್ರು. ನಿಮಗೆ ಕಂಡ್ರೆ ಅಡ್ವಾನ್ಸ್ ಕೊಟ್ಟು, ಹೌಸಿಂಗ್ ಮೇಲೆ ಚಾಕಲ್ಲಿ ದೊಡ್ಡದಾಗಿ "ಕಟ್ ಮಾಡ್ಬೇಡಿ" ಅಂತ ಬರೆದೇ ಅಲ್ಲಿಂದ ಹೊರಡಿ.