ಹೊಟ್ಟೆಯ ಹೊಲಿಗೆ ಕೀವಾಗದಂತೆ ನೋಡಿಕೊಳ್ಳುವುದು ಹೇಗೆ?

ಅಡಿಕೆ ಮರದಿಂದ ಜಾರಿಯೋ, ಬೈಕಿನ ಹ್ಯಾಂಡಲ್ ತಿವಿದೋ ಹೊಟ್ಟೆಯೊಳಗೆ ಪೆಟ್ಟಾದವರಿಗೆ ಆಪರೇಷನ್ ಆದ ಮೇಲೆ ಕೀವಿನ ಕಾಟ ಶುರುವಾಗುವುದು ಹೆಚ್ಚಾಗಿ 5ರಿಂದ 10ನೇ ದಿನದೊಳಗೆ. ಅಷ್ಟು ಹೊತ್ತಿಗೆ ಎಷ್ಟೋ ಮಂದಿ ಮಂಗಳೂರಿನ ಆಸ್ಪತ್ರೆಯಿಂದ ಬಿಡುಗಡೆಯಾಗಿ ಬ್ರಹ್ಮಾವರದ ಕಡೆಯ ಯಾವುದೋ ಮನೆಯ ಚಾವಡಿಯಲ್ಲಿ ಮಲಗಿರುತ್ತಾರೆ. ಕರುಳು ಹರಿದಿದ್ದವರಿಗೆ ಅಪಾಯ ಇನ್ನೂ ಜಾಸ್ತಿ, ಒಳಗಿನ ಕೊಳೆ ಗಾಯಕ್ಕೆ ತಾಗಿರುತ್ತದೆ.

ಹೊರಡುವ ಮೊದಲು ಮೂರು ವಿಷಯ ಕೇಳಿ ಬರೆದಿಟ್ಟುಕೊಳ್ಳಿ: ಹೊಲಿಗೆ ಅಥವಾ ಪಿನ್ನು ತೆಗೆಯುವುದು ಯಾವತ್ತು (ಸಾಮಾನ್ಯವಾಗಿ 10ರಿಂದ 14 ದಿನ), ಡ್ರೆಸ್ಸಿಂಗ್ ಎಷ್ಟು ದಿನಕ್ಕೊಮ್ಮೆ, ಗುಲ್ಮ (ಸ್ಪ್ಲೀನ್, ರೋಗಾಣುಗಳ ವಿರುದ್ಧ ಹೋರಾಡುವ ಹೊಟ್ಟೆಯೊಳಗಿನ ಅಂಗ) ತೆಗೆದಿದ್ದಾರೆಯೇ.

ಎಲ್ಲರೂ ಎಡವುವುದು ಡ್ರೆಸ್ಸಿಂಗ್ ಬದಲಿಸುವಾಗ. ಮೊದಲು ಫ್ಯಾನ್ ಆಫ್ ಮಾಡಿ. ಬೇಕಾದ್ದನ್ನೆಲ್ಲ ಬಿಡಿಸಿ ಪಕ್ಕದಲ್ಲಿಟ್ಟುಕೊಳ್ಳಿ. ನಡುವೆ ಕಪಾಟು ತೆರೆಯಲು ಎದ್ದರೆ ತೊಳೆದ ಕೈ ಮತ್ತೆ ಕೊಳೆಯೇ. ಬಳೆ, ಉಂಗುರ ತೆಗೆದು, ಉಗುರಿನ ಸಂದಿ ಸೇರಿಸಿ 40 ಸೆಕೆಂಡು ಸಾಬೂನಿನಲ್ಲಿ ಕೈ ತೊಳೆಯಿರಿ. ಟೇಪನ್ನು ಗಾಯದ ಕಡೆಗೇ, ಚರ್ಮವನ್ನು ಒತ್ತಿ ಹಿಡಿದು ಬಿಡಿಸಬೇಕು. ಗಾಜ್ (ಗಾಯದ ಮೇಲಿಡುವ ಜಾಳು ಬಟ್ಟೆ) ಅಂಟಿಕೊಂಡಿದ್ದರೆ ಕಿತ್ತೆಳೆಯಬೇಡಿ, ಸಲೈನ್ (ಮೆಡಿಕಲ್‌ನಲ್ಲಿ ಸಿಗುವ ರೋಗಾಣುರಹಿತ ಉಪ್ಪುನೀರು) ಸುರಿದು ಎರಡು ನಿಮಿಷ ಕಾಯಿರಿ. ಹಳೆಯ ಗಾಜ್ ಬಟ್ಟೆಯನ್ನು ಕಸಕ್ಕೆ ಹಾಕುವ ಮೊದಲು ನೋಡಿ: ಬಣ್ಣ ಏನು, ವಾಸನೆ ಇದೆಯೇ? ಆಮೇಲೆ ಮತ್ತೊಮ್ಮೆ ಕೈ ತೊಳೆಯಬೇಕು. ಈ ಎರಡನೇ ಸಲದ ತೊಳೆಯುವಿಕೆಯನ್ನೇ ಎಲ್ಲರೂ ಬಿಟ್ಟುಬಿಡುತ್ತಾರೆ.

ಸಲೈನಿನಲ್ಲಿ ಅದ್ದಿದ ಗಾಜ್ ಬಟ್ಟೆಯಿಂದ ಮೇಲಿನಿಂದ ಕೆಳಕ್ಕೆ ಒಂದೇ ಸಲ ಒರೆಸಿ, ಆ ತುಂಡನ್ನು ಬಿಸಾಡಿ. ಮುಂದಿನ ಸಲಕ್ಕೆ ಹೊಸ ತುಂಡು. ಹೊಕ್ಕುಳನ್ನು ಕೊನೆಗೆ ಮುಟ್ಟಿ, ಕೊಳೆ ಇರುವುದೇ ಅಲ್ಲಿ. ಒಣ ಗಾಜ್ ಬಟ್ಟೆಯಿಂದ ತೇವ ಹೀರಿಸಿ, ಹೊಸ ಗಾಜ್ ಇಟ್ಟು, ಪೇಪರ್ ಟೇಪನ್ನು ಎಳೆಯದೆ ಅಂಟಿಸಿ. ಬಿಗಿಯಾಗಿ ಎಳೆದರೆ ಬೊಕ್ಕೆ ಏಳುತ್ತದೆ. ಹತ್ತಿ ಬೇಡ, ಎಳೆ ಹೊಲಿಗೆಗೆ ಸಿಕ್ಕಿಕೊಳ್ಳುತ್ತದೆ. ಸಲೈನಿನ ಚಿಕ್ಕ ಬಾಟಲಿಯನ್ನೇ ತನ್ನಿ, ತೆರೆದದ್ದನ್ನು ಮರುದಿನಕ್ಕೆ ಇಡುವಂತಿಲ್ಲ.

ಅರಿಶಿನ, ತೆಂಗಿನೆಣ್ಣೆ, ಮೆಡಿಕಲ್‌ನವರು ಕೊಡುವ ಪುಡಿ ಯಾವುದೂ ಬೇಡ. ಹೈಡ್ರೋಜನ್ ಪೆರಾಕ್ಸೈಡ್ ನೊರೆ ಬರುವುದನ್ನು ನೋಡಿ ಖುಷಿಪಡುವವರಿದ್ದಾರೆ. ಅದು ಹೊಸದಾಗಿ ಬೆಳೆಯುವ ಮಾಂಸವನ್ನೂ ಸುಡುತ್ತದೆ.

ವೈದ್ಯರು ಒಪ್ಪಿದ ಮೇಲೆ ಸ್ನಾನ ಮಾಡಬಹುದು. ನೀರು ಮೈಮೇಲೆ ಹರಿದುಹೋಗಲಿ, ತೊಟ್ಟಿಯಲ್ಲಿ ಕೂರುವುದು ಬೇಡ. ಗಾಯಕ್ಕೆಂದೇ ಬೇರೆ ಬೈರಾಸು ಇಡಿ. ನಮ್ಮ ಮಳೆಗಾಲದಲ್ಲಿ ಬಟ್ಟೆ ಅರೆಬರೆ ಒಣಗಿ ಮುಗ್ಗಲು ಹಿಡಿಯುತ್ತದೆ, ಇಸ್ತ್ರಿ ಹಾಕಿ ಒಣಗಿಸಿಯೇ ಉಡಿ. ಲುಂಗಿಯ ಗಂಟು, ಉಡಿದಾರ ಹೊಲಿಗೆಯ ಮೇಲೆ ಬರಕೂಡದು. ಬೆವರು ನಿಲ್ಲುವುದು ಅದೇ ಜಾಗದಲ್ಲಿ.

ಡ್ರೈನ್ ಚೀಲ (ಹೊಟ್ಟೆಯೊಳಗಿನ ದ್ರವ ನಳಿಕೆಯಿಂದ ಬಂದು ಸೇರುವ ಚೀಲ) ಇದ್ದರೆ ಸೊಂಟಕ್ಕಿಂತ ಕೆಳಗಿರಲಿ, ದಿನಾ ಎಷ್ಟು ಎಂಎಲ್ ಬಂತೆಂದು ಬರೆದಿಡಿ.

ಇನ್ನು ನಂಜಿನ ಮಾತು. ಮೀನು, ಮೊಟ್ಟೆ ನಂಜು ಎಂದು ಬರೀ ಗಂಜಿ, ಉಪ್ಪಿನಕಾಯಿ ಕೊಟ್ಟರೆ ಗಾಯ ಕೂಡಲು ಬೇಕಾದ ಪ್ರೋಟೀನ್ ಎಲ್ಲಿಂದ ಬರಬೇಕು? ವೈದ್ಯರು ಮಾಮೂಲಿ ಊಟಕ್ಕೆ ಹೇಳಿದ ಮೇಲೆ ಗಂಜಿಯ ಜೊತೆ ಖಾರ ಕಡಿಮೆ ಹಾಕಿದ ಬಂಗುಡೆಯನ್ನೋ ಮೊಟ್ಟೆಯನ್ನೋ ಧಾರಾಳವಾಗಿ ಕೊಡಿ. ತಿನ್ನದವರಿಗೆ ಹೆಸರುಬೇಳೆ, ಮೊಸರು. ಸಕ್ಕರೆ ಕಾಯಿಲೆಯವರು ಶುಗರ್ ಹಿಡಿತದಲ್ಲಿಡದಿದ್ದರೆ ಮೇಲಿನ ಶ್ರಮವೆಲ್ಲ ನೀರಿಗೆ.

ಜ್ವರ ಅಳೆಯದೆ ಪ್ಯಾರಾಸಿಟಮಾಲ್ ಕೊಡಬೇಡಿ, ಅದು ಲಕ್ಷಣವನ್ನು ಮುಚ್ಚಿಹಾಕುತ್ತದೆ. 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ, ಹೊಲಿಗೆಯ ಸುತ್ತ ಕೆಂಪು ಹರಡಿದರೆ, ನೋವು ಏರುತ್ತಿದ್ದರೆ ಅದೇ ದಿನ ತೋರಿಸಿ. ಹೊರಗಿನ ಹೊಲಿಗೆ ಚೆಂದವಾಗಿದ್ದೂ ಒಳಗೆ ಕೀವು ಕಟ್ಟಬಹುದು: ಬಿಡದ ಬಿಕ್ಕಳಿಕೆ, ಹೊಟ್ಟೆಯುಬ್ಬರ, ವಾಂತಿ, ಊಟ ಸೇರದಿರುವುದನ್ನು ಗಮನಿಸಿ. ಹೊಲಿಗೆಯಿಂದ ಗುಲಾಬಿ ಬಣ್ಣದ ನೀರು ಏಕಾಏಕಿ ಸುರಿದರೆ ಒಳಪದರದ ಹೊಲಿಗೆ ಬಿಡುತ್ತಿದೆ ಎಂದೇ ತಿಳಿಯಿರಿ. ಕರುಳು ಕಂಡರೆ ಒಳಕ್ಕೆ ತಳ್ಳಬೇಡಿ. ಸಲೈನಿನಲ್ಲಿ ನೆನೆಸಿದ ಶುದ್ಧ ಗಾಜ್ ಮುಚ್ಚಿ, ಮೊಣಕಾಲು ಮಡಚಿ ಮಲಗಿಸಿ, ಬಾಯಿಗೆ ಏನೂ ಕೊಡದೆ 108ಕ್ಕೆ ಕರೆ ಮಾಡಿ.

ಗುಲ್ಮ ತೆಗೆದಿದ್ದರೆ ನ್ಯೂಮೊಕಾಕಸ್, ಮೆನಿಂಗೊಕಾಕಸ್, ಹಿಬ್ ಎಂಬ ರೋಗಾಣುಗಳ ವಿರುದ್ಧ ಲಸಿಕೆಗಳು ಬೇಕು, ಸಾಮಾನ್ಯವಾಗಿ ಆಪರೇಷನ್ ಆಗಿ 14 ದಿನದ ಮೇಲೆ. ಅಂಥವರಿಗೆ ಹತ್ತು ವರ್ಷ ಕಳೆದ ಮೇಲೆ ಜ್ವರ ಬಂದರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು, ಗುಲ್ಮ ಇಲ್ಲವೆಂದು ಬಾಗಿಲಲ್ಲೇ ಹೇಳಬೇಕು.