ಹೋದ ಪ್ಯಾಕೆಟ್ಟಿಗೆ ಮರಳುವ ದಾರಿ: ಗೇಟ್‌ವೇ ಕಟ್ಟಿದ ನನ್ನ ಅನುಭವ

ಒಂದಕ್ಕೊಂದು ಸಂಪರ್ಕವಿಲ್ಲದ ಎರಡು ನೆಟ್‌ವರ್ಕ್‌ಗಳನ್ನು ಜೋಡಿಸುವ ಕೆಲಸ ನನ್ನ ಪಾಲಿಗೆ ಬಂದಾಗ, ಎರಡು ನೆಟ್‌ವರ್ಕ್ ಕಾರ್ಡುಗಳಿದ್ದ ಹಳೆಯ ಕಂಪ್ಯೂಟರೊಂದಕ್ಕೆ ಲಿನಕ್ಸ್ ಹಾಕಿ ಅದನ್ನೇ ಗೇಟ್‌ವೇ (ಎರಡರ ನಡುವಿನ ದ್ವಾರ) ಮಾಡಿಕೊಂಡೆ. ಎರಡೂ ಕಡೆ ಸಬ್‌ನೆಟ್ ಮಾಸ್ಕ್ 255.255.255.0 ಇತ್ತು, ಎಂದರೆ ವಿಳಾಸದ ಮೊದಲ ಮೂರು ಸಂಖ್ಯೆಗಳು ಒಂದೇ ಆಗಿದ್ದವೆಲ್ಲ ಒಂದೇ ನೆಟ್‌ವರ್ಕಿನವು. ಮೊದಲ ನೆಟ್‌ವರ್ಕಿನ ಕಡೆಯ ಕಾರ್ಡಿಗೆ 192.168.10.1 ಎಂಬ ವಿಳಾಸವನ್ನೂ, ಎರಡನೆಯದರ ಕಡೆಗೆ 192.168.20.2 ಎಂಬುದನ್ನೂ ಕೊಟ್ಟೆ, 192.168.20.1 ಅಲ್ಲಿನ ಇಂಟರ್ನೆಟ್ ರೌಟರಿನ ವಿಳಾಸವಾಗಿತ್ತು.

ಲಿನಕ್ಸ್ ತಾನಾಗಿಯೇ ಪ್ಯಾಕೆಟ್ಟುಗಳನ್ನು (ಮಾಹಿತಿಯ ತುಣುಕುಗಳನ್ನು) ಒಂದು ಕಾರ್ಡಿನಿಂದ ಇನ್ನೊಂದಕ್ಕೆ ದಾಟಿಸುವುದಿಲ್ಲವಾದ್ದರಿಂದ ಐಪಿ ಫಾರ್ವರ್ಡಿಂಗ್ ಮೌಲ್ಯವನ್ನು 0 ಇದ್ದದ್ದು 1 ಮಾಡಿ, ಮೊದಲ ನೆಟ್‌ವರ್ಕಿನ ಕಂಪ್ಯೂಟರುಗಳಿಗೆ 192.168.10.1 ಅನ್ನೇ ಡೀಫಾಲ್ಟ್ ಗೇಟ್‌ವೇ ಎಂದು ನಮೂದಿಸಿದೆ. (ಈ ಮೌಲ್ಯವನ್ನು ಕಡತದಲ್ಲಿ ಬರೆದಿಡದಿದ್ದರೆ ಮರುಚಾಲನೆಯೊಂದಿಗೆ ಅಳಿಸಿಹೋಗುತ್ತದೆ, ನನಗೂ ಒಮ್ಮೆ ಹಾಗಾಯಿತು.) ಬಳಿಕ 192.168.10.25ರಿಂದ 192.168.20.40ರಲ್ಲಿದ್ದ ಫೈಲ್ ಸರ್ವರಿಗೆ, ಸಂಪರ್ಕವಿದೆಯೇ ಎಂದು ಕೇಳುವ ಪಿಂಗ್ ಕಳಿಸಿದೆ. ಉತ್ತರ ಬರಲಿಲ್ಲ.

ಗೇಟ್‌ವೇ ಕೈಕೊಟ್ಟಿದೆ ಎಂದುಕೊಂಡು ಎರಡೂ ಕಾರ್ಡುಗಳ ಮೇಲೆ, ಹಾದುಹೋಗುವ ಪ್ಯಾಕೆಟ್ಟುಗಳನ್ನು ತೋರಿಸುವ ಟಿಸಿಪಿಡಂಪ್ ಓಡಿಸಿದೆ. ಒಳಬರುವಾಗ 64 ಇದ್ದ ಟಿಟಿಎಲ್ (ದಾಟಿಸುವ ಪ್ರತಿ ಯಂತ್ರವೂ ಒಂದೊಂದು ಕಳೆಯುವ ಎಣಿಕೆ) ಹೊರಹೋಗುವಾಗ 63 ಆಗಿತ್ತು. ಐಪಿ ವಿಳಾಸಗಳೆರಡೂ ಹಾಗೆಯೇ ಇದ್ದವು, ಆದರೆ ಕಳಿಸಿದವರ ಮ್ಯಾಕ್ ವಿಳಾಸದ (ನೆಟ್‌ವರ್ಕ್ ಕಾರ್ಡಿನದೇ ಗುರುತಿನ) ಜಾಗದಲ್ಲಿ ಗೇಟ್‌ವೇಯ ಎರಡನೆಯ ಕಾರ್ಡಿನದೂ, ತಲುಪಬೇಕಾದವರ ಜಾಗದಲ್ಲಿ ಸರ್ವರಿನದೂ ಬಂದು ಕೂತಿದ್ದವು. ಎಂದರೆ ಗೇಟ್‌ವೇ ತನ್ನ ಕೆಲಸವನ್ನು ತಪ್ಪಿಲ್ಲದೆ ಮಾಡುತ್ತಿತ್ತು. ಮರಳಿ ಬರಬೇಕಾದ ಉತ್ತರವಷ್ಟೇ ಅದರ ಬಳಿ ಸುಳಿಯುತ್ತಿರಲಿಲ್ಲ.

ಸರ್ವರಿನ ರೌಟಿಂಗ್ ಪಟ್ಟಿ ತೆರೆದಾಗ ಕಾರಣ ತಿಳಿಯಿತು. 192.168.10.25 ತನ್ನ ನೆಟ್‌ವರ್ಕಿನದಲ್ಲವೆಂದು ಮಾಸ್ಕಿನಿಂದ ಲೆಕ್ಕಹಾಕಿದ ಸರ್ವರು, ತನಗೆ ಗೊತ್ತಿದ್ದ ಏಕೈಕ ಗೇಟ್‌ವೇಯಾದ 192.168.20.1ರ ಕೈಗೆ ಉತ್ತರವನ್ನು ಒಪ್ಪಿಸುತ್ತಿತ್ತು. ಆ ರೌಟರಿಗೆ ನನ್ನ ಹೊಸ ದಾರಿಯ ಸುಳಿವೇ ಇರಲಿಲ್ಲವಾದ್ದರಿಂದ ಅದು ಉತ್ತರವನ್ನು ಇಂಟರ್ನೆಟ್ಟಿನ ಕಡೆಗೆ ತಳ್ಳುತ್ತಿತ್ತು. ಖಾಸಗಿ ಬಳಕೆಗೆಂದೇ ಮೀಸಲಾದ ಈ ವಿಳಾಸಗಳಿಗೆ ಅಲ್ಲಿ ದಾರಿಯಿಲ್ಲ.

ಗೇಟ್‌ವೇಯಲ್ಲಿ ನ್ಯಾಟ್ (ಕಳಿಸಿದವರ ವಿಳಾಸದ ಬದಲು ಗೇಟ್‌ವೇಯದನ್ನೇ ಹಾಕುವ ವ್ಯವಸ್ಥೆ) ಹಾಕಿದ್ದರೆ ಐದು ನಿಮಿಷದಲ್ಲಿ ಮುಗಿಯುತ್ತಿತ್ತು. ಆದರೆ ಆಗ ಸರ್ವರಿನ ಲಾಗಿನಲ್ಲಿ ಎಲ್ಲರೂ 192.168.20.2 ಎಂದೇ ಕಾಣಿಸಿಕೊಳ್ಳುತ್ತಿದ್ದರು, ಯಾರು ಯಾವ ಕಡತ ತೆರೆದರೆಂದು ಹುಡುಕುವುದು ಕಷ್ಟವಾಗುತ್ತಿತ್ತು. ಆದ್ದರಿಂದ 192.168.10.0/24ಕ್ಕೆ (ಇಡೀ ಮೊದಲ ನೆಟ್‌ವರ್ಕಿಗೆ) ಹೋಗುವುದೆಲ್ಲ 192.168.20.2ರ ಮೂಲಕ ಹೋಗಲಿ ಎಂಬ ಸ್ಟ್ಯಾಟಿಕ್ ರೌಟನ್ನು ರೌಟರಿನಲ್ಲಿ ಸೇರಿಸಿದೆ. ಪಿಂಗಿಗೆ ಉತ್ತರ ಬಂತು, ಟಿಟಿಎಲ್ ಮಾತ್ರ 62: ಹೋಗುವಾಗ ಒಂದೇ ಕಡೆ ದಾಟಿದ್ದು ಬರುವಾಗ ರೌಟರನ್ನೂ ಸುತ್ತಿಕೊಂಡು ಬಂದಿತ್ತು. ಹೆಚ್ಚು ಬಳಕೆಯಲ್ಲಿದ್ದ ಆ ಸರ್ವರಿಗಷ್ಟೇ ಅದೇ ರೌಟನ್ನು ನೇರವಾಗಿ ಬರೆದ ಮೇಲೆ ಅದು 63ಕ್ಕೆ ಬಂದು ನಿಂತಿತು.