ಮಿರಜಕ್ಕೆ ಹೊರಡುವ ಮುನ್ನ: ಆಪರೇಷನ್ ಆ ಕಡೆ, ಇನ್ಶೂರೆನ್ಸ್ ಈ ಕಡೆ

ಅಥಣಿ, ರಾಯಬಾಗ, ಕುಡಚಿ ಕಡೆಯ ಮನೆಗಳಲ್ಲಿ ದೊಡ್ಡ ಕಾಯಿಲೆ ಅಂದರೆ ಮೊದಲು ನೆನಪಾಗುವ ಊರು ಮಹಾರಾಷ್ಟ್ರದ ಮಿರಜ. 1894ರಲ್ಲಿ ಡಾ. ವಿಲಿಯಂ ವಾನ್‌ಲೆಸ್ ಮಿಶನ್ ದವಾಖಾನೆ ಶುರು ಮಾಡಿದ ಊರದು. ನಿಪ್ಪಾಣಿಯವರು ಕೊಲ್ಹಾಪುರಕ್ಕೆ, ಇಂಡಿ, ವಿಜಯಪುರದವರು ಸೊಲ್ಲಾಪುರಕ್ಕೆ, ಖಾನಾಪುರದವರು ಗೋವೆಗೆ ಹೋಗುವುದೂ ಇದೆ. ದಾರಿ ಹತ್ತಿರ, ಡಾಕ್ಟರ್ ಪರಿಚಯ, ಖರ್ಚೂ ಕೈಗೆ ಎಟಕುವಂಥದ್ದು. ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ಆದರೆ ಆಪರೇಷನ್ ಮುಗಿದು, ಡಿಸ್ಚಾರ್ಜ್ ದಿನ ಬಿಲ್ ಕಟ್ಟಲು ಬಂಗಾರ ಅಡವಿಡಲು ಓಡುವ ಮಂದಿಯನ್ನು ಕಂಡಾಗ ಸಂಕಟವಾಗುತ್ತದೆ. ಇದರಲ್ಲಿ ಎಷ್ಟೋ ಸಲ ಹೊರಡುವ ಮುಂಚೆ ಎರಡು ಫೋನ್ ಮಾಡಿದ್ದರೆ ತಪ್ಪುತ್ತಿತ್ತು.

ಒಂದು ಮಾತು ಮೊದಲೇ. ಎದೆನೋವು, ಅಪಘಾತ, ಲಕ್ವಾದಂಥ ಹೊತ್ತಿನಲ್ಲಿ ಕೆಳಗಿನ ಯಾವುದನ್ನೂ ನೋಡುತ್ತ ಕೂರಬೇಡಿ. ಹತ್ತಿರದ ದವಾಖಾನೆಗೆ ಹೋಗಿ. ವಿಮಾ ಕಂಪನಿಗೆ ಆಮೇಲೆ ತಿಳಿಸಬಹುದು. ಸಾಮಾನ್ಯವಾಗಿ 24ರಿಂದ 48 ಗಂಟೆ ಸಮಯ ಇರುತ್ತದೆ.

ಮೊದಲು ಅಂದಾಜು ಪಟ್ಟಿ

ಹೋಗಬೇಕೆಂದಿರುವ ದವಾಖಾನೆಯಿಂದ ಖರ್ಚಿನ ಅಂದಾಜನ್ನು ಬರೆಸಿಕೊಳ್ಳಿ. ಬಾಯಿಮಾತಿನ ‘ಪ್ಯಾಕೇಜ್’ ನಂಬಬೇಡಿ. ಸ್ಟೆಂಟ್, ಮೊಣಕಾಲಿನ ಇಂಪ್ಲಾಂಟ್, ಔಷಧಿ, ರಕ್ತ, ಐಸಿಯು ಅದರಲ್ಲಿ ಸೇರಿವೆಯೇ ಎಂದು ಒಂದೊಂದಾಗಿ ಕೇಳಿ. ಅದೇ ಆಪರೇಷನ್‌ಗೆ ಬೆಳಗಾವಿ, ಬಾಗಲಕೋಟೆ ಅಥವಾ ವಿಜಯಪುರದ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಎಷ್ಟಾಗುತ್ತದೆ ಎಂದೂ ವಿಚಾರಿಸಿ. ಗೋವೆಗೆ ಹೋಗುವವರಿಗೆ ಇನ್ನೊಂದು ವಿಷಯ: ಬಾಂಬೋಳಿಯ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ 2018ರ ಜನವರಿಯಿಂದ ಹೊರರಾಜ್ಯದವರಿಗೆ ಶುಲ್ಕವಿದೆ.

ಆಯುಷ್ಮಾನ್ ಕಾರ್ಡ್ ಇದ್ದರೆ

ಕೇಂದ್ರದ ಪಟ್ಟಿಯಲ್ಲಿರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಯೋಜನೆಗೆ ಸೇರಿದ ದವಾಖಾನೆಯಾದರೆ ಬೇರೆ ರಾಜ್ಯದಲ್ಲಿದ್ದರೂ ನಡೆಯುತ್ತದೆ. ರಾಜ್ಯ ಸರ್ಕಾರ ತನ್ನ ಖರ್ಚಿನಲ್ಲಿ ಸೇರಿಸಿಕೊಂಡ ಕುಟುಂಬಗಳ ಲೆಕ್ಕ ಬೇರೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜಿನ ಶೇ 30ರಷ್ಟು, ವರ್ಷಕ್ಕೆ ಒಟ್ಟು 1.5 ಲಕ್ಷದವರೆಗೆ ಮಾತ್ರ. ಕಾರ್ಡ್ ಕೈಯಲ್ಲಿದೆ ಎಂದು ಸುಮ್ನೆ ಹೊರಡಬೇಡಿ. ಯೋಜನೆಯ ಸಹಾಯವಾಣಿ 14555ಕ್ಕೆ ಕರೆ ಮಾಡಿ ನಿಮ್ಮ ಕಾರ್ಡ್ ಗಡಿಯಾಚೆ ನಡೆಯುತ್ತದೆಯೇ, ಆ ದವಾಖಾನೆ ಪಟ್ಟಿಯಲ್ಲಿದೆಯೇ, ಈ ಕಾಯಿಲೆಗೆ ಅಲ್ಲಿ ಚಿಕಿತ್ಸೆ ಉಂಟೇ ಎಂದು ಕೇಳಿ. ದವಾಖಾನೆಯಲ್ಲಿ ಈ ಯೋಜನೆಯ ನೆರವಿಗೆಂದು ಇರುವ ಆರೋಗ್ಯಮಿತ್ರರನ್ನೂ ಅಡ್ಮಿಟ್ ಆಗುವ ಮೊದಲೇ ಕಾಣಿರಿ.

ಖಾಸಗಿ ಪಾಲಿಸಿ ಇದ್ದರೆ

ಜಾಸ್ತಿ ದುಡ್ಡು ಕೈಬಿಡುವುದು ಇಲ್ಲೇ. ಹಾಗಾಗಿ ಪಾಲಿಸಿ ಪುಸ್ತಕವನ್ನು ಮನೆಯಲ್ಲಿ ಓದು ಬರುವ ಮಕ್ಕಳ ಕೈಗೆ ಕೊಟ್ಟು ಮೂರು ಸಂಗತಿ ಹುಡುಕಿಸಿ.

ಮೊದಲನೆಯದು ರೂಮ್ ಬಾಡಿಗೆಯ ಮಿತಿ. ಎಷ್ಟೋ ಪಾಲಿಸಿಗಳಲ್ಲಿ ದಿನದ ಬಾಡಿಗೆ ವಿಮಾ ಮೊತ್ತದ ಶೇ 1 ದಾಟುವಂತಿಲ್ಲ. ಅಂದರೆ 3 ಲಕ್ಷದ ಪಾಲಿಸಿಗೆ 3,000 ರೂಪಾಯಿ ರೂಮು. ನೀವು 6,000ದ ರೂಮ್ ತೆಗೆದುಕೊಂಡರೆ ಕಳೆಯುವುದು ಹೆಚ್ಚಿನ ಬಾಡಿಗೆಯಷ್ಟೇ ಅಲ್ಲ. ಡಾಕ್ಟರ್ ಫೀ, ಆಪರೇಷನ್ ಥಿಯೇಟರ್, ನರ್ಸಿಂಗ್ ಚಾರ್ಜ್ ಕೂಡ ಅದೇ ಲೆಕ್ಕದಲ್ಲಿ ಅರ್ಧಕ್ಕೆ ಇಳಿಯಬಹುದು. ಇವೆಲ್ಲ ಸೇರಿ 80,000 ಆಗಿದ್ದರೆ 40,000 ನಿಮ್ಮ ಜೇಬಿನಿಂದ. ಔಷಧಿ, ಇಂಪ್ಲಾಂಟ್, ಟೆಸ್ಟ್‌ಗಳಿಗೆ ಈ ಕಡಿತ ಹಚ್ಚುವಂತಿಲ್ಲ. ಹಚ್ಚಿದ್ದರೆ ಪ್ರಶ್ನೆ ಮಾಡಿ. ಕೌಂಟರಿನಲ್ಲಿ ‘ಸ್ಪೆಷಲ್ ರೂಮ್ ಬೇಕಾ’ ಎಂದು ಕೇಳಿದಾಗ ಹಿರಿಯರ ಮೇಲಿನ ಪ್ರೀತಿಯಿಂದ ಹೂಂ ಅನ್ನುತ್ತೇವೆ, ಅಲ್ವಾ? ಮಿತಿ ನೋಡಿದ ಮೇಲೆ ಹೂಂ ಅನ್ನಿ.

ಎರಡನೆಯದು ಊರಿನ ವಲಯ. ಕೆಲವು ಪಾಲಿಸಿಗಳಲ್ಲಿ ಸಣ್ಣ ಊರಿನ ವಿಳಾಸಕ್ಕೆ ಪ್ರೀಮಿಯಂ ಕಡಿಮೆ. ಅಂಥ ಪಾಲಿಸಿ ಹಿಡಿದು ಮುಂಬೈ, ಪುಣೆಯಂಥ ದೊಡ್ಡ ಊರಿಗೆ ಹೋದರೆ ಬಿಲ್ಲಿನಲ್ಲಿ ಒಂದು ಪಾಲು ನೀವೇ ಕಟ್ಟಬೇಕಾಗುತ್ತದೆ. ಬೆಳಗಾವಿಯ ವಿಳಾಸದಲ್ಲಿ ಪಾಲಿಸಿ ಮಾಡಿಸಿದವರು ಇದನ್ನು ತಪ್ಪದೆ ನೋಡಬೇಕು.

ಮೂರನೆಯದು ಕಾಯುವ ಅವಧಿ. ಪಾಲಿಸಿ ಮಾಡಿಸುವ ಮೊದಲೇ ಇದ್ದ ಸಕ್ಕರೆ ಕಾಯಿಲೆ, ಬಿಪಿಯಂಥವಕ್ಕೆ ಹೆಚ್ಚೆಂದರೆ 36 ತಿಂಗಳು ಕಾಯಿಸಬಹುದು. ಅಷ್ಟು ತಿಂಗಳು ತುಂಬಿವೆಯೇ ಎಂದು ಎಣಿಸಿ.

ಒಪ್ಪಿಗೆ ಪಡೆಯುವುದು

ಮೊದಲೇ ಗೊತ್ತಿರುವ ಆಪರೇಷನ್ ಆದರೆ ಕನಿಷ್ಠ 48 ಗಂಟೆ ಮುಂಚೆ ಕಂಪನಿಗೆ ತಿಳಿಸಿ. ನೆಟ್‌ವರ್ಕ್ ಪಟ್ಟಿ, ಅಂದರೆ ಕಂಪನಿಯ ಜತೆ ಒಪ್ಪಂದವಿರುವ ದವಾಖಾನೆಗಳ ಪಟ್ಟಿ, ಬದಲಾಗುತ್ತಿರುತ್ತದೆ. ಏಜೆಂಟರ ಮಾತಿನ ಜತೆಗೆ ಕಂಪನಿಯ ಸಹಾಯವಾಣಿಯಲ್ಲೂ ಅದೇ ದಿನ ಕೇಳಿ. ದವಾಖಾನೆ ಅರ್ಜಿ ಕಳಿಸಿದ ಮೇಲೆ ಕ್ಯಾಶ್‌ಲೆಸ್‌ಗೆ (ಬಿಲ್ಲನ್ನು ಕಂಪನಿಯೇ ನೇರವಾಗಿ ದವಾಖಾನೆಗೆ ಕಟ್ಟುವುದಕ್ಕೆ) ಕಂಪನಿ 1 ಗಂಟೆಯೊಳಗೆ ಉತ್ತರ ಕೊಡಬೇಕು, ಡಿಸ್ಚಾರ್ಜ್ ವೇಳೆ 3 ಗಂಟೆಯೊಳಗೆ. ಇದು ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ಹೊರಡಿಸಿದ ನಿಯಮ. 3 ಗಂಟೆ ಮೀರಿ ತಡವಾಗಿ ದವಾಖಾನೆ ಹೆಚ್ಚು ಚಾರ್ಜ್ ಹಾಕಿದರೆ ಅದನ್ನು ಕಂಪನಿಯೇ ಭರಿಸಬೇಕು.

ಕಾಗದಪತ್ರ

ಆಧಾರ್, ಪಾಲಿಸಿ, ದವಾಖಾನೆ ಚೀಟಿ ಮೂರರಲ್ಲೂ ಹೆಸರು, ಅಡ್ಡಹೆಸರು ಒಂದೇ ಥರ ಇರಲಿ. ಕ್ಯಾಶ್‌ಲೆಸ್ ಆಗದಿದ್ದರೆ ಡಿಸ್ಚಾರ್ಜ್ ಸಮ್ಮರಿ, ಮೂಲ ಬಿಲ್ಲು, ರಸೀದಿ, ಡಾಕ್ಟರ್ ಚೀಟಿ, ಟೆಸ್ಟ್ ವರದಿ ಎಲ್ಲ ತೆಗೆದುಕೊಂಡೇ ಹೊರಡಿ. ಒಂದು ಸಹಿಗಾಗಿ ಮತ್ತೆ ಸೊಲ್ಲಾಪುರಕ್ಕೆ ಹೋಗುವುದು ಯಾರಿಗೆ ಬೇಕು? ಊರಿಗೆ ಬಂದ ಮೇಲಿನ ಔಷಧಿ ಬಿಲ್ಲುಗಳನ್ನೂ ಎತ್ತಿಡಿ. ಅನೇಕ ಪಾಲಿಸಿಗಳು ಡಿಸ್ಚಾರ್ಜ್ ನಂತರದ 60 ದಿನದ ಖರ್ಚನ್ನೂ ಕೊಡುತ್ತವೆ.

ಕ್ಯಾನ್ಸರ್ ಚಿಕಿತ್ಸೆಗೆ ರೈಲಿನಲ್ಲಿ ಹೋಗುವವರಿಗೆ ದವಾಖಾನೆಯ ಪ್ರಮಾಣಪತ್ರದ ಮೇಲೆ ಸ್ಲೀಪರ್ ಮತ್ತು 3ಎಸಿಯಲ್ಲಿ ಟಿಕೆಟ್ ದರ ಪೂರ್ತಿ ಮಾಫಿ. ಜತೆಗೆ ಹೋಗುವ ಒಬ್ಬರಿಗೆ ಶೇ 75 ರಿಯಾಯಿತಿ ಉಂಟು.

ಕ್ಲೇಮ್ ತಿರಸ್ಕರಿಸಿದರೆ

ಕಾರಣವನ್ನು ಬರಹದಲ್ಲಿ ಕೇಳಿ, ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಸರಿ ಕಾಣದಿದ್ದರೆ ವಿಮೆಯ ದೂರುಗಳನ್ನು ವಿಚಾರಿಸಿ ತೀರ್ಮಾನಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರು ಬೇಡ. ಒಂದು ವರ್ಷದೊಳಗೆ ಕೊಡಬೇಕು ಅಷ್ಟೇ. ಚಿಕಿತ್ಸೆ ಮಹಾರಾಷ್ಟ್ರದಲ್ಲಿ ಆಗಿದ್ದರೂ ಕರ್ನಾಟಕದಲ್ಲಿ ಮನೆಯಿರುವವರು ಇಲ್ಲೇ ದೂರು ಕೊಡಬಹುದು.